ಐದು ಮಿಲಿಮೀಟರಿನ ಹೊಟ್ಟೆಕಿಚ್ಚು

ನಮ್ಮ ಗೇಟಿನ ಮುಂದೆ ಹಳೆಯ ಕಾರೊಂದು ಬಂದು ನಿಂತಿತೆಂದರೆ ನನ್ನ ತಲೆ ಕೆಡುತ್ತದೆ. ಇಳಿದವರು ಮೊದಲು ಮರಾಠಿಯಲ್ಲಿ ಕೇಳುವ ಮಾತು ಯಾವುದೆಂದು ನನಗೆ ಗೊತ್ತು: "ಗೋದಾತಾಯಿ ಆಹೇತ ಕಾ?" ಇದ್ದಾರಪ್ಪ, ಎಲ್ಲಿ ಹೋಗುತ್ತಾರೆ? ಹಿತ್ತಲಲ್ಲಿ ಮರಳು ಕಲಸುತ್ತ ಕೂತಿದ್ದಾರೆ. ನಾನು ಗೇಟು ತೆಗೆದು, ಕುರ್ಚಿ ಹಾಕಿ, ನೀರು ತಂದುಕೊಡುತ್ತೇನೆ. ಅವರು ನೀರು ಕುಡಿದು, ಲೋಟ ನನ್ನ ಕೈಗೇ ಕೊಟ್ಟು, ಜೊತೆಗೆ ಬಂದವರಿಗೆ ನನ್ನ ಗುರುತು ಹೇಳುತ್ತಾರೆ: "ಹೇ ಗೋದಾತಾಯೀಂಚೇ ಮಿಸ್ಟರ್." ಗೋದಾತಾಯಿಯ ಗಂಡ. ಅಷ್ಟೇ, ಮುಂದೆ ಹೆಸರಿಲ್ಲ.

ನನಗೆ ಹೆಸರಿದೆ. ಪೂನಾ ಹತ್ತಿರದ ಭೋಸರಿಯ ಫೌಂಡ್ರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ನಾನು ಅವ್ವಣ್ಣ ಮಿಸ್ತ್ರಿ. ಎರಕ ಹೊಯ್ಯುವ ಮೊದಲು ಆ ವಸ್ತುವಿನ ಮಾದರಿಯನ್ನು ಸಾಗವಾನಿ ಮರದಲ್ಲಿ ಕೆತ್ತುವ ಕೆಲಸ ನನ್ನದು. ಅದನ್ನು ಪ್ಯಾಟರ್ನ್ ಅನ್ನುತ್ತಾರೆ. ಪ್ಯಾಟರ್ನ್ ಸರಿಯಿದ್ದರೆ ಎರಕ ಸರಿ, ಅದು ಕೆಟ್ಟರೆ ಮುಂದಿನವರೆಲ್ಲ ಎಷ್ಟು ಬೆವರು ಸುರಿಸಿದರೂ ಗುಜರಿಯೇ. ಮ್ಯಾನೇಜರ್ ಸಾಹೇಬರು ಕೂಡ ನನ್ನ ಬೆಂಚಿನ ಹತ್ತಿರ ಬಂದು ನಿಂತು ಮಾತಾಡುತ್ತಿದ್ದರು, ನಾನು ಕೂತೇ ಉತ್ತರ ಕೊಡುತ್ತಿದ್ದೆ. ಆ ಅವ್ವಣ್ಣ ಮಿಸ್ತ್ರಿ ಈಗ ನೀರು ಕೊಡುವ ಮಿಸ್ಟರ್.

ಸುಳ್ಳು ಯಾಕೆ ಹೇಳಲಿ, ನನಗೆ ನನ್ನ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು. ಅಣ್ಣತಮ್ಮಂದಿರು ಮನೆ ಕಟ್ಟಿಸಿದಾಗ ಉರಿಯಲಿಲ್ಲ, ನನ್ನ ಕೈಕೆಳಗಿದ್ದವರು ಕಾರು ಕೊಂಡಾಗ ಉರಿಯಲಿಲ್ಲ. ಉರಿದದ್ದು, ಉರಿಯುತ್ತಿರುವುದು ಇವಳ ಮೇಲೆ. ಅದೂ ಅರವತ್ತಾರನೆಯ ವಯಸ್ಸಿನಲ್ಲಿ, ಮಂಡಿ ನೋವಿನ ಎಣ್ಣೆ ಅವಳ ಕೈಯಿಂದಲೇ ಹಚ್ಚಿಸಿಕೊಳ್ಳುತ್ತ.

ಗೋದಾ ಬೆಳಗಾವಿ ಉದ್ಯಮಬಾಗದ ಕಡೆಯವಳು. ಅವಳಪ್ಪ ಮುರುಗೆಪ್ಪ ಅಲ್ಲಿ ಒಂದು ಫೌಂಡ್ರಿಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದರು. ಅಪ್ಪನಿಗೆ ಬುತ್ತಿ ಒಯ್ದ ಹುಡುಗಿ ಬುತ್ತಿ ಖಾಲಿಯಾಗುವ ತನಕ ಅಚ್ಚಿನ ಮರಳಿನಲ್ಲಿ ಆಡುತ್ತ ಕೂರುತ್ತಿದ್ದಳಂತೆ. ಎಂಬತ್ತೈದರಲ್ಲಿ ನನ್ನನ್ನು ಮದುವೆಯಾಗಿ ಚಿಂಚವಾಡಕ್ಕೆ ಬಂದಳು. ಮರುವರ್ಷವೇ ನಮ್ಮ ಫೌಂಡ್ರಿಯ ಕೋರ್ ಶಾಪಿನಲ್ಲಿ ಕೆಲಸಕ್ಕೆ ಸೇರಿದಳು. ಪಂಪಿನಂಥ ಪೊಳ್ಳು ವಸ್ತುಗಳ ಒಳಗಿನ ಖಾಲಿ ಜಾಗಕ್ಕೆ ಸುಟ್ಟ ಮರಳಿನ ಗಟ್ಟಿ ತುಂಡು ಇಡಬೇಕಾಗುತ್ತದೆ, ಅದು ಕೋರ್. ಆ ಕೆಲಸಕ್ಕೆ ಹೆಂಗಸರನ್ನೇ ಹಾಕುತ್ತಿದ್ದರು. ಅವರ ಬೆರಳು ಸಣ್ಣ ಎನ್ನುತ್ತಿದ್ದರು ಸೂಪರ್‌ವೈಸರ್‌ಗಳು. ಅವರ ಪಗಾರ ಇನ್ನೂ ಸಣ್ಣ ಎಂಬುದನ್ನು ಯಾರೂ ಹೇಳುತ್ತಿರಲಿಲ್ಲ.

ಅವಳ ಕೈಯಲ್ಲಿ ಏನೋ ಇತ್ತು, ಅದನ್ನು ಆಗಲೇ ಒಪ್ಪಿಕೊಂಡಿದ್ದರೆ ಈ ಕಥೆ ಇರುತ್ತಿರಲಿಲ್ಲ. ಮರಳನ್ನು ಮುಷ್ಟಿಯಲ್ಲಿ ಹಿಡಿದು, ಒತ್ತಿ, ಎರಡು ತುಂಡು ಮಾಡಿ ನೋಡುತ್ತಿದ್ದಳು. ಮುರಿದ ಅಂಚು ಚೂಪಾಗಿ ನಿಂತರೆ ನೀರು ಸರಿ. ಲ್ಯಾಬಿನ ಹುಡುಗರು ಯಂತ್ರದಲ್ಲಿ ಅಳೆದು ಹೇಳುವ ಹೊತ್ತಿಗೆ ಇವಳು ಹತ್ತು ಕೋರ್ ಕಟ್ಟಿ ಮುಗಿಸಿರುತ್ತಿದ್ದಳು. ಆದರೂ ಫೌಂಡ್ರಿಯಲ್ಲಿ ಅವಳ ಗುರುತು 'ಅವ್ವಣ್ಣ ಮಿಸ್ತ್ರಿಯ ಬಾಯಕೋ' ಎಂದೇ ಇತ್ತು. ಮಿಸ್ತ್ರಿಯ ಹೆಂಡತಿ. ಆಗ ಅದು ನನಗೆ ತಪ್ಪೆಂದು ಅನ್ನಿಸಿರಲೇ ಇಲ್ಲ.

ಎಂಬತ್ತೆಂಟರ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಇದನ್ನು ನಾನು ಇದುವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ. ಪಂಪಿನ ಹೊಸ ಆರ್ಡರು ಬಂದಿತ್ತು. ಪ್ಯಾಟರ್ನ್ ನನ್ನದು. ನಡುಗೆರೆ ಎಳೆಯುವಾಗ ಒಂದು ಸೂತು, ಅಂದರೆ ಮೂರು ಮಿಲಿಮೀಟರಿನಷ್ಟು, ಆಚೆ ಎಳೆದುಬಿಟ್ಟೆ. ನಲವತ್ತು ಎರಕ ಹೊಯ್ದ ಮೇಲೆ ನೋಡಿದರೆ ಪಂಪಿನ ಗೋಡೆ ಒಂದು ಕಡೆ ದಪ್ಪ, ಒಂದು ಕಡೆ ತೆಳುವು. ನಲವತ್ತೂ ಗುಜರಿ. ಸೂಪರ್‌ವೈಸರ್ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಯಾರ ತಪ್ಪೆಂದು ಕೇಳಿದ. ನನಗೆ ಆ ಕ್ಷಣವೇ ತಿಳಿದಿತ್ತು. ನನ್ನ ನಾಲಿಗೆ ಏಳಲಿಲ್ಲ. ಆಗ ಗೋದಾ ಎರಡು ಹೆಜ್ಜೆ ಮುಂದೆ ಬಂದು, "ಕೋರ್ ಪೂರಾ ಸುಡೂಕಿಂತ ಮೊದಲ ನಾನ ಭಟ್ಟಿಯಿಂದ ತಗದೆ, ಅದಕ್ಕ ಬಾಗ್ಯಾವ," ಎಂದು ತನಗೆ ಬರುತ್ತಿದ್ದ ಹರಕು ಮುರುಕು ಮರಾಠಿಯಲ್ಲಿ ಹೇಳಿದಳು.

ಒಂಬತ್ತು ದಿನ ಕೆಲಸದಿಂದ ಹೊರಗಿಟ್ಟರು. ಆ ವರ್ಷ ಕಾಯಂ ಆಗಬೇಕಿದ್ದವರ ಪಟ್ಟಿಯಿಂದ ಅವಳ ಹೆಸರು ಹೊಡೆದರು. ಮರುವರ್ಷ ನಾನು ಹೆಡ್ ಪ್ಯಾಟರ್ನ್ ಮಿಸ್ತ್ರಿ ಆದೆ. ಮನೆಯಲ್ಲಿ ಅವಳು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೆಲವು ದಿನ ಅವಳು ಊಟಕ್ಕೆ ಬಡಿಸಿ ಎದುರಿಗೆ ಸುಮ್ಮನೆ ಕೂರುತ್ತಿದ್ದಳು. ಆಮೇಲೆ ಅದೂ ನಿಂತಿತು.

ಎರಡು ಸಾವಿರದ ಒಂಬತ್ತರಲ್ಲಿ ಫೌಂಡ್ರಿ ಮುಚ್ಚಿತು. ಅಷ್ಟರೊಳಗೆ ಮರದ ಪ್ಯಾಟರ್ನಿನ ಕಾಲವೇ ಮುಗಿದಿತ್ತು. ಕಂಪ್ಯೂಟರಿಗೆ ಚಿತ್ರ ಕೊಟ್ಟರೆ ಯಂತ್ರವೇ ಕೊರೆದು ಕೊಡುತ್ತದೆ. ನಾನು ಉಳಿ, ಬಾಚಿ, ಸ್ಕೇಲುಗಳನ್ನೆಲ್ಲ ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿಟ್ಟೆ. ವರ್ಷಕ್ಕೊಮ್ಮೆ ದಸರೆಯಲ್ಲಿ ತೆಗೆದು, ಪೂಜೆ ಮಾಡಿ, ಮತ್ತೆ ಒಳಗಿಡುತ್ತಿದ್ದೆ. ನಡುವೆ ಧೂಳು ಒರೆಸುವವಳು ಗೋದಾ.

ಹಾಳು ಸ್ಕೂಟರಿನಿಂದ ಇದೆಲ್ಲ ಶುರುವಾಯಿತು. ನನ್ನದೊಂದು ಎಪ್ಪತ್ತರ ದಶಕದ ಸ್ಕೂಟರಿದೆ, ಮುಂದಿನ ಮಡ್‌ಗಾರ್ಡಿನ ಮೇಲೆ ಅಲಂಕಾರಕ್ಕೆ ಕೂರಿಸಿದ ಬೆಳ್ಳಿ ಬಣ್ಣದ ಸಣ್ಣ ಲೋಹದ ಮೂತಿಯಿತ್ತು. ಮೂರು ವರ್ಷದ ಹಿಂದೆ ಅದು ಎಲ್ಲೋ ಕಳಚಿ ಬಿತ್ತು. ಹಳೆಯ ಸಾಮಾನು ಮಾರುವ ಜೂನಾ ಬಾಜಾರಿನಲ್ಲಿ ನಾಲ್ಕು ಭಾನುವಾರ ಹುಡುಕಿದೆ. ಒಬ್ಬನ ಹತ್ತಿರ ಮುರಿದದ್ದೊಂದು ಸಿಕ್ಕಿತು. ತಂದು ಮೇಜಿನ ಮೇಲಿಟ್ಟು ಗೊಣಗುತ್ತಿದ್ದೆ.

"ಇದನ್ನ ಹೊಯ್ದ ಬಿಡೂಣಲ್ರಿ," ಅಂದಳು ಗೋದಾ.

"ಎಲ್ಲಿ ಹೊಯ್ತಿ? ಒಲಿ ಮ್ಯಾಲೆ, ಸಾರಿನ ಬೋಗುಣಿಯೊಳಗ?" ಎಂದು ನಕ್ಕೆ.

ಅವಳು ನಗಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ನುಗ್ಗೆ ಗಿಡ, ಒಂದು ತಗಡಿನ ಮಾಡು ಇವಿಷ್ಟಿದ್ದವು. ಆ ಮಾಡಿನ ಕೆಳಗೆ ಹಳೆಯ ಡಬ್ಬಿ ಕತ್ತರಿಸಿ ಒಳಗೆ ಮಣ್ಣು ಮೆತ್ತಿದಳು. ಇದ್ದಿಲು ತುಂಬಿ, ಕೆಟ್ಟ ಕೂಲರಿನಿಂದ ತೆಗೆದ ಫ್ಯಾನನ್ನು ಗಾಳಿಗೆ ಕಟ್ಟಿದಳು. ಅದರ ನಡುವೆ ಲೋಹ ಕರಗಿಸುವ ಮೂಸೆ. ಮೂಸೆಯೊಳಗೆ ಗ್ಯಾರೇಜಿನವರು ಎಸೆದ ಪಿಸ್ಟನ್‌ಗಳು. "ಪಾತ್ರಿ ಅಲ್ಯುಮಿನಿಯಮ್ ಮೆತ್ತಗ ಇರ್ತದ್ರಿ, ಪಿಸ್ಟನ್ ಛಲೋ ಹರೀತದ," ಅಂದಳು, ನನಗೆ ಪಾಠ ಹೇಳುವ ಹಾಗೆ. ಅಚ್ಚಿನ ಎರಡು ಹೋಳು ಅಂಟಬಾರದೆಂದು ನಡುವೆ ಉದುರಿಸಿದ್ದು ನನ್ನ ಮುಖದ ಪೌಡರು. ಡಬ್ಬಿ ಪೂರ್ತಿ ಖಾಲಿ.

ಮೊದಲ ಸಲ ಮರಳು ಒದ್ದೆಯಾಗಿ, ಎರಕ ಬುಸುಗುಟ್ಟಿ ತೂತು ತೂತಾಗಿ ಬಂತು. ನನಗೆ ಎಷ್ಟು ಖುಷಿಯಾಯಿತೆಂದರೆ ಅಂದು ಸಂಜೆ ನಾನೇ ಹೋಗಿ ಜಿಲೇಬಿ ತಂದೆ. ಅವಳು ಜಿಲೇಬಿ ತಿನ್ನುತ್ತಲೇ ಆ ತೂತಿನ ತುಂಡನ್ನು ತಿರುವಿ ಮುರುವಿ ನೋಡಿದಳು. ಮೂರನೆಯ ದಿನ ಎರಡನೆಯದು ಹೊಯ್ದಳು. ತಿಕ್ಕಿ ಮಿಂಚಿಸಿ ಸ್ಕೂಟರಿಗೆ ಕೂರಿಸಿದಾಗ, ಅದು ಕಂಪನಿಯದೇ ಮೂತಿ ಅಲ್ಲ ಅಂತ ಯಾರೂ ಹೇಳುವಂತಿರಲಿಲ್ಲ.

ಆ ಸ್ಕೂಟರನ್ನು ಹತ್ತಿ ಊರು ಸುತ್ತಿದವನು ನಾನು. ನನ್ನ ಕರ್ಮ. ಶಿವಾಜಿನಗರದ ಸಿಗ್ನಲಿನಲ್ಲಿ ಪಕ್ಕದ ಕಾರಿನವನೊಬ್ಬ ಗಾಜು ಇಳಿಸಿ, ಆ ಮೂತಿ ಎಲ್ಲಿ ಸಿಕ್ಕಿತೆಂದು ಕೇಳಿದ. ಮನೆಯಲ್ಲೇ ಮಾಡಿದ್ದು ಎಂದೆ. ಅವನು ವಿಕ್ರಮ, ಅಲ್ಲಿಯ ಕೋರ್ಟಿನಲ್ಲಿ ವಕೀಲ. ಕೋಥರೂಡದಲ್ಲಿ ಮನೆ. ಅವನಪ್ಪನ ಕಾಲದ ಫಿಯೆಟ್ ಒಂದನ್ನು ಮಗುವಿನಂತೆ ಸಾಕಿಕೊಂಡಿದ್ದ. ಹಳೆಯ ಗಾಡಿಗಳಿಗೆ ಬಾಗಿಲ ಹಿಡಿಕೆ, ದೀಪದ ಬಳೆ, ಬಾನೆಟ್ಟಿನ ಮೇಲಿನ ಹಕ್ಕಿ ಇಂಥವು ಈಗ ಎಲ್ಲಿಯೂ ಸಿಗುವುದಿಲ್ಲ. ಸಿಕ್ಕವೂ ತುಕ್ಕು ಹಿಡಿದಿರುತ್ತವೆ. ಮಾರನೆಯ ದಿನವೇ ಅವನು ನಮ್ಮ ಗೇಟಿಗೆ ಬಂದ. ಮಾಡಿದವರು ಯಾರೆಂದು ನನ್ನನ್ನೇ ಕೇಳಿದ. ನಾನು ಹಿತ್ತಲ ಕಡೆ ಕೈ ತೋರಿಸಿದೆ. ಅಂದಿನಿಂದ ನನ್ನ ಕೈ ಅದೇ ದಿಕ್ಕನ್ನೇ ತೋರಿಸುತ್ತಿದೆ.

ಅವನು ಇನ್ನಿಬ್ಬರಿಗೆ ಹೇಳಿದ, ಅವರು ಇನ್ನು ನಾಲ್ವರಿಗೆ. ಪೂನಾದ ಹಳೆಯ ಗಾಡಿಗಳ ಹುಚ್ಚರೆಲ್ಲ ನಮ್ಮ ಗಲ್ಲಿ ಹೊಕ್ಕರು. ಹುಬ್ಬಳ್ಳಿಯಲ್ಲಿರುವ ಮಗಳು ಮುಕ್ತಾ ಫೋನು ಮಾಡಿದರೂ ಅದೇ: "ಅಪ್ಪಾ, ಅವ್ವಗ ಕೊಡ, ಇವತ್ತ ಏನ ಹೊಯ್ದಾಳ ಕೇಳ್ತೀನಿ." ಅಪ್ಪ ಏನು ತಿಂದ, ಅಪ್ಪನ ಮಂಡಿ ಹೇಗಿದೆ, ಅದು ಆಮೇಲೆ. ಒಮ್ಮೆ ತಡೆಯಲಾರದೆ ಗೋದಾಳಿಗೆ ಅಂದುಬಿಟ್ಟೆ, "ಈ ಗುಜರಿ ಕೆಲಸಕ್ಕ ನನ್ನನ್ನ ಮಾತ್ರ ಕರೀಬ್ಯಾಡ." ಅವಳು "ಆತ್ರಿ" ಎಂದಳು. ಎಂದವಳು ನಿಜಕ್ಕೂ ಕರೆಯಲಿಲ್ಲ. ಹಾಗೆ ಹೇಳಿದ ಮಾತನ್ನು ಇಷ್ಟು ಚೊಕ್ಕಟವಾಗಿ ಪಾಲಿಸುವ ಹೆಂಗಸು ಇನ್ನೆಲ್ಲಿದ್ದಾಳೆ?

ನನಗೆ ಬೇಕಾಗಿದ್ದದ್ದು ಒಂದೇ. ಒಂದು ಸಲ ಅವಳು ನನ್ನ ಮುಂದೆ ಬಂದು, ಇದು ನನ್ನಿಂದ ಆಗುವುದಿಲ್ಲ, ಪ್ಯಾಟರ್ನ್ ನೀವೇ ಮಾಡಿಕೊಡಿ ಅನ್ನಬೇಕು. ಅವಳಿಗೆ ಆ ಗರಜು ಬೀಳುತ್ತಿರಲಿಲ್ಲ. ಜನ ತಂದ ಹಳೆಯ ತುಂಡನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಿದ್ದಳು. ಕಾದ ಲೋಹ ಆರುವಾಗ ಕುಗ್ಗುತ್ತದೆ, ಅಲ್ಯುಮಿನಿಯಮ್ ಆದರೆ ಮೀಟರಿಗೆ ಹದಿಮೂರು ಮಿಲಿಮೀಟರ್. ಗೇಣುದ್ದದ ಹಿಡಿಕೆಗೆ ಅದು ಲೆಕ್ಕಕ್ಕಿಲ್ಲ. ಹಳೆಯ ತುಂಡಿಗೆ ಸ್ವಲ್ಪ ಲಪ್ಪಾ, ಅಂದರೆ ಪುಟ್ಟಿ, ಮೆತ್ತಿ ದಪ್ಪ ಮಾಡಿದರೆ ಸಾಕು, ಅರದಿಂದ ಉಜ್ಜಿದರೆ ಸರಿಹೋಗುತ್ತದೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ವಿಕ್ರಮ ಮತ್ತೆ ಬಂದ. ಈ ಸಲ ಡಿಕ್ಕಿಯ ಬಾಗಿಲಿನ ಮೇಲೆ ಕೂರುವ ಉದ್ದನೆಯ ಪಟ್ಟಿ ಬೇಕಾಗಿತ್ತು, ಹೆಚ್ಚುಕಡಿಮೆ ನಾನೂರು ಮಿಲಿಮೀಟರಿನದು. ಪಟ್ಟಿಯ ಹಿಂದೆ ಎರಡು ಮೊಳೆ, ಅವೂ ಪಟ್ಟಿಯ ಜೊತೆಗೇ ಎರಕ ಬರಬೇಕು, ಬಾಗಿಲಿನ ಎರಡು ತೂತುಗಳಿಗೆ ಸರಿಯಾಗಿ ಇಳಿಯಬೇಕು. ಹಳೆಯ ಪಟ್ಟಿ ಇಲ್ಲವೇ ಇಲ್ಲ. ಮಾದರಿಯಾಗಿ ಕೊಟ್ಟದ್ದು ಅಳತೆ ಬರೆದ ಒಂದು ಕಾಗದ, ನಾಲ್ಕು ಫೋಟೊ. ಹದಿನೆಂಟು ದಿನದ ನಂತರ ಹಳೆಯ ಗಾಡಿಗಳ ಮೆರವಣಿಗೆಯಿತ್ತು. "ಗೋದಾತಾಯಿ, ನೀವು ಆಗಲ್ಲ ಅಂದರೆ ಈ ಪಟ್ಟಿ ಹಿಂದೂಸ್ತಾನದಲ್ಲಿ ಯಾರಿಂದಲೂ ಆಗಲ್ಲ," ಎಂದ ಮರಾಠಿಯಲ್ಲಿ. ನಾನು ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಆದರೆ ಒಳಗೊಳಗೇ ಹಿಗ್ಗಿದೆ. ಒತ್ತಲು ಹಳೆಯ ತುಂಡಿಲ್ಲ, ಮರದಲ್ಲಿ ಪ್ಯಾಟರ್ನ್ ಕೆತ್ತಲೇಬೇಕು. ಈಗ ಬರುತ್ತಾಳೆ, ಎಲ್ಲಿಗೆ ಹೋಗುತ್ತಾಳೆ? ಅಂದು ಮಧ್ಯಾಹ್ನ ಪೆಟ್ಟಿಗೆ ತೆಗೆದು ಎರಡು ಉಳಿಗಳನ್ನು ಮಸೆದಿಟ್ಟೆ. ಸಂಜೆ ಚಹಾದ ಹೊತ್ತಿಗೆ ಬಂದಳು.

"ಏನ್ರಿ, ನಿಮ್ಮ ಅಲ್ಯುಮಿನಿಯಮ್ ಸ್ಕೇಲ್ ಸ್ವಲ್ಪ ಕೊಡ್ರಿ."

"ಯಾಕ?"

"ಪಟ್ಟಿ ಪ್ಯಾಟರ್ನಿಗೆ. ನಾನ ಮಾಡ್ತೀನ್ರಿ. ನಿಮಗ್ಯಾಕ ತ್ರಾಸ."

ತ್ರಾಸ! ಆ ಮಾತು ಎದೆಗೆ ಚುಚ್ಚಿತು. ಅವಳ ಮುಖದಲ್ಲಿ ವ್ಯಂಗ್ಯ ಹುಡುಕಿದೆ, ಇರಲಿಲ್ಲ. ವ್ಯಂಗ್ಯವಿದ್ದಿದ್ದರೆ ಜಗಳ ತೆಗೆದು ಹಗುರಾಗುತ್ತಿದ್ದೆ.

ನಮ್ಮ ಕಸುಬಿನ ಸ್ಕೇಲುಗಳ ಬಗ್ಗೆ ಒಂದು ಮಾತು ಹೇಳಬೇಕು. ಲೋಹ ಕುಗ್ಗುವಷ್ಟನ್ನು ಪ್ಯಾಟರ್ನಿನಲ್ಲಿ ಮೊದಲೇ ಕೂಡಿಸಿಡಬೇಕಲ್ಲ, ಪ್ರತಿ ಗೆರೆಗೂ ಲೆಕ್ಕ ಹಾಕುತ್ತ ಕೂತರೆ ಕೆಲಸ ಸಾಗುವುದಿಲ್ಲ. ಅದಕ್ಕೇ ಬೇರೆ ಸ್ಕೇಲುಗಳಿವೆ. ಅಲ್ಯುಮಿನಿಯಮ್ ಸ್ಕೇಲಿನಲ್ಲಿ ಗೆರೆಗಳು ಅಷ್ಟು ಪ್ರಮಾಣದಲ್ಲಿ ದೂರ ದೂರ ಕೊರೆದಿರುತ್ತವೆ. ನೋಡಲು ಸಾದಾ ಉಕ್ಕಿನ ಸ್ಕೇಲಿನ ಹಾಗೆಯೇ ಇರುತ್ತದೆ, ಪಕ್ಕಪಕ್ಕ ಇಟ್ಟರಷ್ಟೇ ವ್ಯತ್ಯಾಸ ಕಾಣುತ್ತದೆ. ನನ್ನ ಪೆಟ್ಟಿಗೆಯಲ್ಲಿ ಎರಡೂ ಇದ್ದವು, ಎರಡರ ಮೇಲಿನ ಅಕ್ಷರಗಳೂ ಸವೆದು ಹೋಗಿದ್ದವು.

ನಾನು ಪೆಟ್ಟಿಗೆ ತೆಗೆದು ಸಾದಾ ಸ್ಕೇಲನ್ನು ಅವಳ ಕೈಯಲ್ಲಿಟ್ಟೆ.

ಮರೆತು ಕೊಟ್ಟದ್ದಲ್ಲ, ಕಣ್ಣು ತಪ್ಪಿಯೂ ಅಲ್ಲ. ಬೇಕೆಂದೇ ಕೊಟ್ಟೆ. ನಾನೂರಕ್ಕೆ ಐದು ಮಿಲಿಮೀಟರ್ ಗಿಡ್ಡ ಬರುತ್ತದೆ, ಮೊಳೆಗಳು ತೂತಿಗೆ ಇಳಿಯುವುದಿಲ್ಲ ಅಂತ ಕೈಯಿಂದ ಸ್ಕೇಲು ಬಿಡುವ ಮೊದಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಬೇಕಾಗಿದ್ದದ್ದು ಇಷ್ಟೇ, ವಿಕ್ರಮನ ಮುಂದೆ ಒಂದು ಸಲ ಅವಳ ಮುಖ ಸಪ್ಪಗಾಗಬೇಕು, ಆಗ ನಾನು ಗಂಟಲು ಸರಿಮಾಡಿಕೊಂಡು, ಪ್ಯಾಟರ್ನ್ ಅನ್ನುವುದು ಹುಡುಗಾಟಿಕೆಯಲ್ಲ ಎಂದು ಮುಂದೆ ಬರಬೇಕು. ಅವಳು ಸ್ಕೇಲನ್ನು ಎರಡು ಬೆರಳಲ್ಲಿ ಹಿಡಿದು ಒಂದು ಗಳಿಗೆ ನೋಡಿದಳು. ಆಮೇಲೆ ಸೆರಗಿನಿಂದ ಒರೆಸಿಕೊಂಡು ಹಿತ್ತಲಿಗೆ ಹೋದಳು.

ಮುಂದಿನ ನಾಲ್ಕು ದಿನ ನಾನು ಹಿತ್ತಲ ಬಾಗಿಲು ಬಿಟ್ಟು ಕದಲಲಿಲ್ಲ. ಮೊದಲ ದಿನ ಮರ ಕೊರೆದಳು. ಉಳಿ ಹಿಡಿಯುವ ರೀತಿ ನನ್ನದೇ, ನೋಡಿ ನೋಡಿ ಕಲಿತಿದ್ದಳು. ಅದೂ ಹೊಟ್ಟೆ ಉರಿಸಿತು. ಎರಡನೆಯ ದಿನ ಪ್ಯಾಟರ್ನನ್ನು ನನ್ನ ಮುಂದೆ ತಂದು ಹಿಡಿದು, "ಹೆಂಗ ಅದ ನೋಡ್ರಿ, ಏನರ ಹೇಳೂದಿದ್ರ ಹೇಳ್ರಿ," ಅಂದಳು.

"ಛಲೋ ಅದ," ಅಂದೆ.

ಮೂರನೆಯ ದಿನ ಮರಳು ಒತ್ತುವಾಗ ಮತ್ತೆ ಕೇಳಿದಳು. "ಹೊಯ್ಯಲೇನ್ರಿ ಇನ್ನ?" ಮೂಸೆಯಲ್ಲಿ ಲೋಹ ಕರಗಿ ತಳತಳ ಅನ್ನುತ್ತಿತ್ತು. ಮೇಲಿನ ಕಿಟ್ಟ ತೆಗೆದು ಇಕ್ಕಳ ಹಿಡಿದು ನಿಂತಿದ್ದಳು, ಮುಖದಲ್ಲಿ ಬೆವರು. ಆಗ ಹೇಳಬಹುದಿತ್ತು. ಒಂದೇ ಮಾತು. "ಹೊಯ್ಯಿ," ಅಂದೆ. ಹೊಯ್ದಳು. ಎರಕ ಒಂದು ಗುಳ್ಳೆಯಿಲ್ಲದೆ ಬಂತು, ಅಷ್ಟು ಚೆಂದದ ಎರಕವನ್ನು ನಾನು ಫೌಂಡ್ರಿಯಲ್ಲೂ ನೋಡಿರಲಿಲ್ಲ. ನಾಲ್ಕನೆಯ ದಿನ ಉಜ್ಜಿ ಮಿಂಚಿಸಿದಳು. ಯಾವ ತುಂಡನ್ನೇ ಆಗಲಿ ಗೋದಾ ಎರಡು ಸಲ ಅಳೆಯದೆ ಮನೆಯಿಂದ ಹೊರಗೆ ಕೊಡುವುದಿಲ್ಲ. ಈ ಪಟ್ಟಿಯನ್ನು ಮಾತ್ರ ಅಳೆಯಲಿಲ್ಲ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಚೀಲದಲ್ಲಿಟ್ಟಳು. ನನಗೆ ವಿಚಿತ್ರವೆನಿಸಿತು, ಆದರೆ ನನ್ನ ಅದೃಷ್ಟ ಅಂದುಕೊಂಡೆ.

ಇಬ್ಬರೂ ಬಸ್ಸಿನಲ್ಲಿ ಕೋಥರೂಡಕ್ಕೆ ಹೋದೆವು. ನಾನು ಎಂದೂ ಹೋಗುತ್ತಿರಲಿಲ್ಲ, ಆ ದಿನ ಬರುತ್ತೇನೆ ಎಂದದ್ದಕ್ಕೆ ಅವಳು ಯಾಕೆಂದು ಕೇಳಲೂ ಇಲ್ಲ. ವಿಕ್ರಮನ ಅಪಾರ್ಟ್‌ಮೆಂಟ್ ಸೊಸೈಟಿಯ ಪಾರ್ಕಿಂಗಿನಲ್ಲಿ ಫಿಯೆಟ್ ತೊಳೆದು ನಿಲ್ಲಿಸಿದ್ದ. ಮೇಲಿನಿಂದ ಚಹಾ ಬಂತು, ಹೂವಿನ ಚಿತ್ರದ ಕಪ್ಪು-ಬಶಿಯಲ್ಲಿ ಮೊದಲು ಗೋದಾಳಿಗೆ, ಆಮೇಲೆ ಸ್ಟೀಲಿನ ಲೋಟದಲ್ಲಿ ನನಗೆ.

ಪಟ್ಟಿ ನೋಡಿ ವಿಕ್ರಮ ಕಣ್ಣರಳಿಸಿದ. ಡಿಕ್ಕಿಯ ಮೇಲಿಟ್ಟ. ಒಂದು ಮೊಳೆ ತೂತಿಗೆ ಇಳಿಯಿತು, ಇನ್ನೊಂದು ಇಳಿಯಲಿಲ್ಲ. ತಿರುಗಿಸಿ ಹಿಡಿದ, ಒತ್ತಿದ, ಮತ್ತೆ ಹಿಡಿದ. ಪಟ್ಟಿಯ ಅಂಚಿನಾಚೆ ಹಳೆಯ ಬಣ್ಣದ ಗುರುತು ಸಣ್ಣ ಗೆರೆಯಂತೆ ಕಾಣುತ್ತಿತ್ತು. ಅವನ ಮುಖ ಇಳಿಯಿತು.

ನಾನು ಕಾಯುತ್ತಿದ್ದ ಗಳಿಗೆ ಇದೇ. ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಗೋದಾ ಎರಡು ಹೆಜ್ಜೆ ಮುಂದೆ ಹೋಗಿ, ಈಗ ಚೊಕ್ಕಟವಾಗಿ ಬರುವ ಮರಾಠಿಯಲ್ಲಿ, "ನನ್ನ ಲೆಕ್ಕ ತಪ್ಪಿದೆ ಸಾಹೇಬರೇ. ಲೋಹ ಕುಗ್ಗುವುದನ್ನು ನಾನು ಹಿಡಿಯಲಿಲ್ಲ. ಇವರು ಏನೂ ಮಾಡಿಲ್ಲ, ಕೆಲಸವೆಲ್ಲ ನನ್ನದೇ," ಅಂದಳು.

ಅದೇ ಎರಡು ಹೆಜ್ಜೆ. ಫೌಂಡ್ರಿಯ ಅಂಗಳದಲ್ಲಿ ಇಟ್ಟ ಎರಡು ಹೆಜ್ಜೆ. ನನ್ನ ಗಂಟಲಲ್ಲಿದ್ದ ಮಾತು ಅಲ್ಲೇ ಉಳಿಯಿತು, ಅಂದಿನ ಹಾಗೆಯೇ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಬಸ್ಸು ಯೂನಿವರ್ಸಿಟಿಯ ಸರ್ಕಲ್ ದಾಟಿತು. ಆಮೇಲೆ ಹೊರಗೆ ನೋಡುತ್ತಲೇ ಅಂದಳು:

"ಆ ಸ್ಕೇಲ್ ಸಾದಾ ಇತ್ತು."

ನಾನು ಟಿಕೆಟ್ಟನ್ನು ಮಡಿಸಿ ಮಡಿಸಿ ಜೇಬಿಗಿಟ್ಟೆ.

"ಹದಿನೈದ ವರ್ಷಾತು, ಆ ಪೆಟ್ಟಿಗಿ ಧೂಳಾ ನಾನ ಒರಸ್ತೀನ್ರಿ. ಯಾವ ಸ್ಕೇಲ್ ಯಾವುದಂತ ನನಗ ಗೊತ್ತಾಗೂದಿಲ್ಲೇನು? ನೀವು ಕೈಯಾಗ ಕೊಟ್ಟಾಗನ ಗೊತ್ತಾತು."

"ಮತ್ತ ಯಾಕ ಹೊಯ್ದಿ?"

"ನೀವು ಹೇಳ್ತೀರೇನೊ ಅಂತ." ಅವಳು ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. "ನಾಕ ದಿನ ಕಾಯ್ದೆ. ಕೇಳಿ ಕೇಳಿ ಕಾಯ್ದೆ. ಆವಾಗ್ಲೂ ಭಾಳ ದಿನ ಕಾಯ್ದಿದ್ದೆ, ಊಟಕ್ಕ ಕುಂತಾಗ ಒಂದ ಮಾತ ಆಡ್ತೀರೇನೊ ಅಂತ. ನೀವು ಆಡಲಿಲ್ಲ."

ಎಷ್ಟು ವರ್ಷದಿಂದ ಆ ಊಟದ ತಟ್ಟೆಗಳು ಅವಳ ಮುಂದಿದ್ದವೋ! ನಾನು ಮರೆತು ತಿಂದು ಎದ್ದಿದ್ದೆ. ಬಸ್ಸಿನ ಗದ್ದಲದಲ್ಲಿ ನನಗೆ ಅಳು ಬಂತು, ಸೀಟಿನ ಸರಳು ಹಿಡಿದು ನುಂಗಿಕೊಂಡೆ. ನಾಚಿಕೆಯಾಯಿತು. ಆದರೆ ಇದನ್ನೂ ಹೇಳಬೇಕು, ಆ ನಾಚಿಕೆಯ ನಡುವೆಯೂ ಹೊಟ್ಟೆಕಿಚ್ಚು ಆರಲಿಲ್ಲ, ಇನ್ನೂ ಜೋರಾಯಿತು. ಇಷ್ಟು ದಿನ ಅವಳ ಕೈ ನೋಡಿ ಉರಿಯುತ್ತಿದ್ದವನು ಈಗ ಅವಳ ಗುಣ ನೋಡಿ ಉರಿಯತೊಡಗಿದೆ. ಕೈಯಾದರೆ ಅಭ್ಯಾಸದಿಂದ ಬಂದೀತು.

ಮರುದಿನ ಬೆಳಿಗ್ಗೆ ಚಹಾ ಕುಡಿದ ಮೇಲೆ ಅವಳು ಅಲ್ಯುಮಿನಿಯಮ್ ಸ್ಕೇಲು, ಒಂದು ಸಾಗವಾನಿ ತುಂಡು ತಂದು ನನ್ನ ಮುಂದಿಟ್ಟಳು. "ಮೆರವಣಿಗಿಗೆ ಇನ್ನೂ ಹನ್ನೆರಡ ದಿನ ಅದ. ಪ್ಯಾಟರ್ನ್ ನೀವ ಮಾಡ್ರಿ." ಎರಡು ವರ್ಷ ನಾನು ಕೇಳಬೇಕೆಂದು ಕಾಯ್ದ ಮಾತು. ಬಂದದ್ದು ಹೀಗೆ, ಯಾವ ಬಾಯಿಂದ ಹೂಂ ಅನ್ನಲಿ? ಹೂಂ ಅಂದೆ. ಎರಡು ದಿನ ಕೆತ್ತಿದೆ. ಹದಿನೈದು ವರ್ಷ ಮರ ಕೆತ್ತದ ಕೈ ಮೊದಮೊದಲು ತಡವರಿಸಿತು, ಆಮೇಲೆ ಹಳೆಯ ಜಾಗ ಹಿಡಿಯಿತು. ನಡುಗೆರೆಯನ್ನು ಮೂರು ಸಲ ಅಳೆದು ಎಳೆದೆ. ಅವಳು ಪ್ಯಾಟರ್ನನ್ನು ಕೈಯಲ್ಲಿ ತಿರುಗಿಸಿ, "ಇದು ಮಿಸ್ತ್ರಿ ಕೆಲಸ," ಅಂದಳು. ಹೊಯ್ದಳು. ಆರಿದ ಮೇಲೆ ಎರಡು ಸಲ ಅಳೆದಳು.

ಕೋಥರೂಡದಲ್ಲಿ ಎರಡೂ ಮೊಳೆಗಳು ತೂತಿಗೆ ಸರಕ್ಕನೆ ಇಳಿದವು. ಪಟ್ಟಿಯ ಸುತ್ತ ಹಳೆಯ ಬಣ್ಣದ ಒಂದು ಕೂದಲೂ ಕಾಣಲಿಲ್ಲ. ವಿಕ್ರಮ ಚಪ್ಪಾಳೆ ಹೊಡೆದೇಬಿಟ್ಟ. "ನೋಡಿ, ಈ ಸಲ ಗೋದಾತಾಯಿಯ ಲೆಕ್ಕ ತಪ್ಪಲಿಲ್ಲ!" ಅಂದ.

ಗೋದಾ ಪಾನಾ ಹಿಡಿದು ಡಿಕ್ಕಿಯೊಳಗೆ ಬಗ್ಗಿ ನಟ್ಟು ಬಿಗಿಯುತ್ತಿದ್ದಳು. ಎರಡು ಹೆಜ್ಜೆ ಮುಂದೆ ಹೋದೆ.

"ಹೋದ ಸಲವೂ ಅವಳ ಲೆಕ್ಕ ತಪ್ಪಿರಲಿಲ್ಲ," ಎಂದೆ ಮರಾಠಿಯಲ್ಲಿ. "ನಾನು ಅವಳಿಗೆ ತಪ್ಪು ಸ್ಕೇಲ್ ಕೊಟ್ಟಿದ್ದೆ. ಬೇಕಂತಲೇ ಕೊಟ್ಟಿದ್ದೆ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು."

ವಿಕ್ರಮ ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಗಟ್ಟಿಯಾಗಿ ನಕ್ಕು ನನ್ನ ಹೆಗಲ ಮೇಲೆ ಕೈಹಾಕಿದ. "ಕಾಕಾ, ನಾನು ವಕೀಲ. ಇನ್ನೊಬ್ಬರ ತಪ್ಪು ತಮ್ಮ ಮೇಲೆ ಹಾಕಿಕೊಳ್ಳುವವರನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಅವತ್ತು ತಾಯಿಯೇ ಒಪ್ಪಿಕೊಂಡಿದ್ದಾರಲ್ಲ. ಹೆಂಡತಿಯ ಹೆಸರು ಕೆಡಬಾರದು ಅಂತ ನೀವು ಹೀಗೆ ಹೇಳುತ್ತೀರಿ, ನನಗೆ ತಿಳಿಯಲ್ಲವೇ?"

"ಇಲ್ಲ ಸಾಹೇಬರೇ, ಖರೇ ಹೇಳುತ್ತಿದ್ದೇನೆ."

"ಗೊತ್ತು, ಗೊತ್ತು," ಎಂದು ಇನ್ನಷ್ಟು ನಕ್ಕ. ಅಷ್ಟರಲ್ಲಿ ಚಹಾ ಬಂತು. ಹೂವಿನ ಕಪ್ಪು-ಬಶಿಯನ್ನು ಅವನೇ ಎತ್ತಿ ಮೊದಲು ನನ್ನ ಕೈಗೆ ಕೊಟ್ಟ. "ತಾಯಿ, ಇಂಥ ಗಂಡ ಸಿಗುವುದಕ್ಕೂ ಪುಣ್ಯ ಬೇಕು," ಅಂದ ಡಿಕ್ಕಿಯ ಕಡೆ ತಿರುಗಿ.

ಈ ಹೊಗಳಿಕೆ ಗೋದಾಳದು. ಎಂಬತ್ತೆಂಟರಲ್ಲಿ ಅಂಗಳದ ನಡುವೆ ನಿಂತಾಗ ಅವಳಿಗೆ ಯಾರಾದರೂ ಹೇಳಬೇಕಾಗಿದ್ದ ಮಾತು ಇದು. ಆಗ ಅವಳಿಗೆ ಸಿಕ್ಕದ್ದು ಬೈಗುಳ, ಒಂಬತ್ತು ದಿನದ ಮನೆವಾಸ. ಈಗ ಅದೇ ಮಾತು ನನಗೆ ಬಂದು ಸೇರಿದೆ, ವಾಪಸು ಕೊಡಲು ಹೋದರೆ ಯಾರೂ ತೆಗೆದುಕೊಳ್ಳುತ್ತಿಲ್ಲ.

ಗೋದಾ ನಟ್ಟು ಬಿಗಿದು ಮುಗಿಸಿ, ಪಾನಾ ಕೆಳಗಿಟ್ಟು, ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ತನ್ನ ಸ್ಟೀಲಿನ ಲೋಟ ಎತ್ತಿಕೊಂಡಳು.

"ಹೇಳಿದ್ರಲ್ಲ, ಸಾಕ ಬಿಡ್ರಿ. ನಾ ಕೇಳೇನಿ," ಅಂದಳು ಕನ್ನಡದಲ್ಲಿ, ವಿಕ್ರಮನಿಗೆ ತಿಳಿಯದ ಹಾಗೆ. "ಚಹಾ ಆರ್ತದ, ಕುಡೀರಿ."

ನಾನು ಕುಡಿದೆ. ಸಕ್ಕರೆ ಹೆಚ್ಚಾಗಿತ್ತು.